ದೆವ್ವದ ಬಾಣಂತನ

ದೆವ್ವಕ್ಕೆ ಹೆದರುವವನು ದುಡ್ಡು ಕೊಟ್ಟು ದೆವ್ವವನ್ನೇ ಮನೆಗೆ ಯಾಕೆ ತರುತ್ತಾನೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸಹನಾ ಈಗಾಗಲೇ ಕೇಳಿದ್ದಾಳೆ. ಅಗ್ಗಕ್ಕೆ ಸಿಕ್ಕಿತು ಎನ್ನುವುದೇ ನನ್ನ ಉತ್ತರ. ಮಸಾಲೆ ದೋಸೆಯ ಬೆಲೆಗೆ ಒಂದು ವಿಆರ್ ಗೇಮ್ ಸೇಲ್‌ಗೆ ಬಂದಿತ್ತು. ಡಬ್ಬಿಯಂಥ ಹೆಡ್‌ಸೆಟ್ಟನ್ನು ಕಣ್ಣಿಗೆ ಕಟ್ಟಿಕೊಂಡರೆ ಈ ಪರದೇಶದ ಸೆಂಗ್‌ಕಾಂಗ್ ಬಡಾವಣೆಯ ನಮ್ಮ ಫ್ಲ್ಯಾಟಿನ ಹಾಲ್ ಮಾಯವಾಗಿ ಯಾವುದೋ ಮಲಯ ಹಳ್ಳಿಯ ಬಾಳೆತೋಟ ಎದುರಿಗೆ ನಿಲ್ಲುತ್ತದೆ. ಅಗ್ಗದ ಲಕ್ಷಣಗಳೆಲ್ಲ ಅದಕ್ಕಿದ್ದವು. ನನ್ನ ಕೈ ಗೋಡೆಯೊಳಗೆ ತೂರಿಹೋಗುತ್ತಿತ್ತು. ಬಾಳೆಗಿಡಗಳೆಲ್ಲ ಒಂದೇ ಗಿಡದ ನಕಲು, ಎಲೆ ಹರಿದದ್ದೂ ಒಂದೇ ಜಾಗದಲ್ಲಿ. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಟೆಸ್ಟರ್ ಆದ್ದರಿಂದ ಈ ತಪ್ಪುಗಳನ್ನು ಹುಡುಕುತ್ತ ಧೈರ್ಯ ತಂದುಕೊಂಡೆ. ಆದರೂ ದೆವ್ವ ಬಂದಾಗ ಸೋಫಾದ ಮೇಲೆ ಹತ್ತಿ ನಿಂತಿದ್ದೆ.

ದೆವ್ವದ ಹೆಸರು ಪೊಂಟಿಯಾನಾಕ್. ಈ ಸೀಮೆಯ ಜನಪದದಲ್ಲಿ ಬಹಳ ಹೆಸರು ಮಾಡಿದವಳು. ಹೆರಿಗೆಯಲ್ಲಿ ಸತ್ತ ಹೆಂಗಸು. ಬಿಳಿ ಬಟ್ಟೆ, ಬಿಚ್ಚಿದ ಕೂದಲು, ಬಾಳೆಗಿಡದಲ್ಲಿ ವಾಸ. ಮಗು ಅತ್ತ ಸದ್ದು ಕೇಳಿಸಿದರೆ ಬಂದಳೆಂದೇ ತಿಳಿಯಬೇಕು. ಕತ್ತಿನ ಹಿಂಭಾಗಕ್ಕೆ ಮೊಳೆ ಹೊಡೆದರೆ ತೆಪ್ಪಗೆ ಚೆಂದದ ಹೆಣ್ಣಾಗಿ, ಒಳ್ಳೆಯ ಹೆಂಡತಿಯೂ ಆಗುತ್ತಾಳಂತೆ. ಈ ಕಥೆ ಕಟ್ಟಿದವರು ಗಂಡಸರೇ ಇರಬೇಕು. ನಮ್ಮ ಕಡೆಯೂ ಕಡಿಮೆಯೇನಿಲ್ಲ. ನಮ್ಮಜ್ಜಿ ಹೇಳುತ್ತಿದ್ದ ದೆವ್ವಗಳಲ್ಲೂ ಬಾಣಂತಿಯರೇ ಹೆಚ್ಚು, ಅವರ ಪಾದ ಹಿಂದುಮುಂದಾಗಿರುತ್ತಿತ್ತು, ಅಷ್ಟೇ. ಊರು ಹಾಳು ಮಾಡಿದವರೆಲ್ಲ ನೆಮ್ಮದಿಯಾಗಿ ಸತ್ತುಹೋಗುತ್ತಾರೆ, ಹೆತ್ತು ಸತ್ತವಳು ಮಾತ್ರ ಯಾಕೆ ದೆವ್ವವಾಗಬೇಕು ಎಂದು ನಾನು ಯೋಚಿಸಿದ್ದು ಅಮ್ಮ ಬಂದ ಮೇಲೆಯೇ.

ಅಮ್ಮ ಮೈಸೂರಿನಿಂದ ಬಂದದ್ದು ಬಾಣಂತನಕ್ಕೆ. ನಮಗೆ ಮಗಳು ಹುಟ್ಟಿದ್ದಳು. ಬಾಣಂತನ ತವರಿನ ಹಕ್ಕು, ನಿಜ. ಆದರೆ ಸಹನಾಳ ತಾಯಿಗೆ ಮಂಡಿ ಆಪರೇಷನ್ ಆಗಿ ಅವರು ವಿಮಾನ ಹತ್ತುವಂತಿರಲಿಲ್ಲ. ಹಾಗಾಗಿ ಅಮ್ಮ ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಮೆಣಸಿನ ಪುಡಿ, ಸಾಂಬ್ರಾಣಿ, ಕಿವಿಗೆ ಇಡುವ ಹತ್ತಿ, ತಲೆಗೆ ಕಟ್ಟುವ ಬಟ್ಟೆ ಎಲ್ಲ ತುಂಬಿಕೊಂಡು ಬಂದಿಳಿದಳು. ಅಷ್ಟರಲ್ಲಿ ಸಹನಾ ಬಾಣಂತಿ ಊಟದ ಕೇಟರಿಂಗ್ ಬುಕ್ ಮಾಡಿಬಿಟ್ಟಿದ್ದಳು. ಇಲ್ಲಿಯ ಚೀನೀಯರಲ್ಲೂ ಬಾಣಂತನ ಜೋರು. ಶುಂಠಿ ಹಾಕಿದ ಸಸ್ಯಾಹಾರಿ ಊಟ, ಕೆಂಪು ಖರ್ಜೂರದ ಕಷಾಯ ದಿನಾ ಬಾಗಿಲಿಗೇ ಬರುತ್ತಿದ್ದವು. ಅಮ್ಮ ಎಣ್ಣೆನೀರು ಹಾಕುತ್ತೇನೆಂದರೆ "ಬೇಡ ಅತ್ತೆ, ನಾನೇ ಶವರ್ ತಗೋತೀನಿ" ಎನ್ನುವಳು. ಕಿವಿಗೆ ಹತ್ತಿ ಎಂದರೆ "ಈ ಸೆಕೇಲಾ ಅತ್ತೆ?" ಮಾತೆಲ್ಲ ಮೆತ್ತಗೇ. ರೂಮಿನ ಬಾಗಿಲು ಮಾತ್ರ ಮುಚ್ಚಿರುತ್ತಿತ್ತು.

ಅಮ್ಮ ಕಿಟಕಿಯ ಹತ್ತಿರ ಕೂತು ಬಡಾವಣೆಯನ್ನು ಸುತ್ತುವ ಪುಟ್ಟ ಎಲ್‌ಆರ್‌ಟಿ ರೈಲು ನೋಡತೊಡಗಿದಳು. "ಈ ಟ್ರೈನು ಸುತ್ತಿ ಸುತ್ತಿ ಇಲ್ಲಿಗೇ ಬರತ್ತೆ ಕಣೋ. ಅದಕ್ಕಾದ್ರೂ ಜನ ಹತ್ತಿಸಿಕೊಳ್ಳೋ ಕೆಲಸ ಇದೆ," ಎಂದಳು ಒಂದು ದಿನ. ಆಮೇಲೆ, "ನನ್ನ ಟಿಕೆಟ್ ಮುಂಚೆಗೆ ಚೇಂಜ್ ಮಾಡಿಸಿಬಿಡು," ಎಂದಳು. ಹೀಗೆ ಹೋದರೆ ಅಮ್ಮ ಮತ್ತೆ ನಮ್ಮ ಮನೆಗೆ ನೆಂಟರಂತೆ ಬಂದಾಳೇ ಹೊರತು ಅಮ್ಮನಂತೆ ಬರುವುದಿಲ್ಲ. ಹೆಂಡತಿಗೆ ಏನಾದರೂ ಹೇಳಿದರೆ ನಾನು ಅಮ್ಮನ ಮಗ, ಅಮ್ಮನಿಗೆ ಹೇಳಿದರೆ ಹೆಂಡತಿಯ ಗುಲಾಮ. ಇಂಥ ಹೊತ್ತಿನಲ್ಲಿ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ವಿಷಯ ಬಿಟ್ಟು ಒಂದು ಯಂತ್ರ ತೋರಿಸಿದೆ.

ಭಾನುವಾರ ಮಧ್ಯಾಹ್ನ ಅಮ್ಮನ ಕನ್ನಡಕದ ಮೇಲೇ ಹೆಡ್‌ಸೆಟ್ ಕೂರಿಸಿದೆ. ಹಸಿರು ತೋರಿಸಿದರೆ ಮನಸ್ಸು ಹಗುರಾಗಬಹುದು ಅನ್ನಿಸಿತ್ತು, ಆದರೆ ನನ್ನ ಹತ್ತಿರ ಇದ್ದದ್ದು ಅದೊಂದೇ ತೋಟ. ದೆವ್ವ ಬರುವುದರೊಳಗೆ ತೆಗೆದರಾಯಿತು ಎಂದುಕೊಂಡೆ. ಅಮ್ಮನಿಗೆ ಕಾಣುತ್ತಿದ್ದದ್ದು ನನಗೆ ಟಿವಿಯಲ್ಲಿ ಕಾಣುತ್ತಿತ್ತು. "ಇಷ್ಟು ಬಾಳೆ ಇದೆ, ಒಂದರಲ್ಲೂ ಗೊನೆ ಇಲ್ವಲ್ಲೋ" ಅನ್ನುವಷ್ಟರಲ್ಲಿ ಮಗು ಅತ್ತಿತು. ನಮ್ಮದಲ್ಲ, ಗೇಮಿನದು. ಬಿಳಿ ಬಟ್ಟೆಯವಳು ಬಂದೇಬಿಟ್ಟಳು. ನಾನು ಹೆಡ್‌ಸೆಟ್ಟಿಗೆ ಕೈ ಹಾಕಿದರೆ ಅಮ್ಮ ಕೈ ತಳ್ಳಿದಳು.

"ಯಾರೋ ಇವಳು?"

"ದೆವ್ವ ಅಮ್ಮ. ಹೆರಿಗೇಲಿ ಸತ್ತೋಳು. ನಿನ್ನ ಬಲಗೈಲಿ ಮೊಳೆ ಇದೆ ನೋಡು, ಕತ್ತಿಗೆ ಹೊಡಿ."

"ಬಾಣಂತಿಗೆ ಮೊಳೆ ಹೊಡೀತಾರೇನೋ? ಬುದ್ಧಿ ಇದೆಯಾ ನಿನಗೆ?"

ಅಮ್ಮ ಮೊಳೆ ಬಿಸಾಡಿದಳು. ಮೊಳೆ ಬಿಸಾಡುವವರೂ ಇರುತ್ತಾರೆ ಎಂದು ಗೇಮ್ ಮಾಡಿದವರಿಗೆ ಹೊಳೆದಿರಲಿಲ್ಲವೇನೋ. ದೆವ್ವ ಮುಂದೇನು ಮಾಡಬೇಕೆಂದು ತಿಳಿಯದೆ ಅಲ್ಲೇ ಸಿಕ್ಕಿಹಾಕಿಕೊಂಡು ತಲೆಯಾಡಿಸುತ್ತ ನಿಂತುಬಿಟ್ಟಿತು. ತಲೆಯಾಡಿಸುವವರು ಸಿಕ್ಕಿದರೆ ಅಮ್ಮ ಬಿಡುತ್ತಾಳೆಯೇ?

"ಏನಮ್ಮ ಇದು, ಹಸಿಮೈಲಿ ಬರಿಗಾಲಲ್ಲಿ ನಿಂತಿದೀಯ. ತಲೆ ಬಿಟ್ಕೊಂಡು ಗಾಳಿಗೆ ಬಂದ್ರೆ ಶೀತ ಆಗಲ್ವಾ? ಕಿವಿಗೆ ಹತ್ತಿ ಇಡೋರು ಯಾರೂ ಇಲ್ವಾ?" ದೆವ್ವ ತಲೆಯಾಡಿಸಿತು. ಅಮ್ಮನ ದನಿ ತಗ್ಗಿತು. "ಅಮ್ಮ ಹತ್ರ ಇಲ್ಲ ಅಂತ ಸಂಕಟ ಇರತ್ತೆ, ನನಗೆ ಗೊತ್ತು. ಅತ್ತೆ ಮುಂದೆ ಅಳೋಕೂ ಸಂಕೋಚ. ನನ್ನ ಬಾಣಂತನಾನೂ ಅತ್ತೇನೇ ಮಾಡಿದ್ದು. ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನಿಮ್ಮಮ್ಮನ ಥರ ಮಾಡೋಕೆ ನನಗೆ ಬರಲ್ಲಮ್ಮ. ಬಿಸಿನೀರು ಹಾಕೋಕೆ ಬರತ್ತೆ, ಅಷ್ಟೇ."

ದೆವ್ವಕ್ಕೆ ಅತ್ತೆ ಇದ್ದಳೆಂದು ಗೇಮಿನಲ್ಲಿ ಎಲ್ಲೂ ಹೇಳಿರಲಿಲ್ಲ. ನನ್ನ ಹಿಂದೆ ಯಾರೋ ಮೂಗೆಳೆದ ಸದ್ದಾಯಿತು. ತಿರುಗಿದರೆ ಬಿಳಿ ನೈಟಿ, ಒದ್ದೆ ಕೂದಲು, ಕೆಂಪು ಕಣ್ಣು. ನಾನು ಕಿಟಾರನೆ ಕಿರುಚಿದೆ.

"ನಾನೇ ಕಣೋ," ಎಂದಳು ಸಹನಾ. ನನ್ನನ್ನು ದಾಟಿ ಹೋಗಿ ಅಮ್ಮನ ಮುಂದೆ ನೆಲದ ಮೇಲೆ ಕೂತಳು. "ಅತ್ತೆ, ನನಗೂ ಹತ್ತಿ ಇಡಿ."

ಅಮ್ಮ ಇನ್ನೂ ಹೆಡ್‌ಸೆಟ್ಟಿನೊಳಗೇ ಇದ್ದಳು. ದೆವ್ವದ ತಲೆ ಸವರಲು ಚಾಚಿದ್ದ ಅವಳ ಕೈ ಸಹನಾಳ ತಲೆಗೆ ತಾಗಿತು. ಎಷ್ಟು ದುಬಾರಿ ಗೇಮಿನಲ್ಲೂ ಕೂದಲು ಕೈಗೆ ಸಿಗುವುದಿಲ್ಲ. ಅಮ್ಮ ಬೆರಳಾಡಿಸಿದಳು. "ತಲೆ ಒದ್ದೆ ಇದೆಯಲ್ಲೇ," ಎಂದು ಗದರಿಸಿದಳು. ಇಬ್ಬರೂ ಅತ್ತರು. ನಾನು ಟವೆಲ್ ತಂದುಕೊಟ್ಟೆ. ಆ ದಿನ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಅದು.

ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ. ಈಗ ಮನೆಯೆಲ್ಲ ಸಾಂಬ್ರಾಣಿ ಹೊಗೆ. ಸಹನಾ ಮೆಣಸಿನ ಸಾರು ಉಣ್ಣುತ್ತಾಳೆ. ಕೇಟರಿಂಗ್ ಊಟ ವಾಪಸ್ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಶುಂಠಿ ಅನ್ನ, ಖರ್ಜೂರದ ಕಷಾಯ ನನ್ನ ಪಾಲಿಗೆ ಬಂದಿವೆ. ಬಾಣಂತಿಯ ಕಳೆ ನನಗೇ ಬಂದಿದೆ ಎಂದು ಆಫೀಸಿನಲ್ಲಿ ನಗುತ್ತಾರೆ.

ನಿನ್ನೆ ಹೆಡ್‌ಸೆಟ್ ಹಾಕಿ ನೋಡಿದೆ. ಗೇಮ್ ನಿಂತಲ್ಲೇ ನಿಂತಿತ್ತು. ಮೊಳೆ ನೆಲದ ಮೇಲೆ, ಅವಳು ಬಾಳೆಗಿಡದ ಪಕ್ಕ, ತಲೆಯಾಡಿಸುತ್ತ. ಟೆಸ್ಟರ್ ಆದವನು ಈ ತಪ್ಪನ್ನು ಕಂಪನಿಗೆ ತಿಳಿಸಬೇಕು. ತಿಳಿಸಲು ಮನಸ್ಸು ಬರಲಿಲ್ಲ. ಸರಿಮಾಡಿದರೆ ಪಾಪ, ಅವಳು ಮತ್ತೆ ಜನರನ್ನು ಅಟ್ಟಿಸಿಕೊಂಡು ಓಡಬೇಕು.

"ಆ ಹುಡುಗಿ ಹೇಗಿದಾಳೋ?" ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಅಲ್ಲೇ ನಿಂತಿದಾಳಮ್ಮ."

"ಕೂತ್ಕೊಳ್ಳೋಕೆ ಹೇಳು. ಬಾಣಂತಿ ಅಷ್ಟು ಹೊತ್ತು ನಿಲ್ಲಬಾರದು."