ಅಕ್ಕನ ಕಂಪ್ಯೂಟರೂ ನನ್ನ ಜಾಣತನವೂ

ಹೋದ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಶೈಲಾ ಮೇಡಂ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ಸಾರ್, ಇದು ಆನೇ ಆಗ್ತಿಲ್ಲ. ನಿಮಗೆ ಇದೆಲ್ಲ ಚೆನ್ನಾಗಿ ಗೊತ್ತಂತಲ್ಲ, ಸ್ವಲ್ಪ ನೋಡ್ತೀರಾ?"

ಒಂದು ಕಾಲದಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಸಾಕು, ತಿನ್ನುತ್ತಿದ್ದ ದೋಸೆ ಬಿಟ್ಟು ಏಳುತ್ತಿದ್ದೆ. ಈಗ, "ನನಗೆ ಬರಲ್ಲ ಮೇಡಂ, ಅಂಗಡಿಗೇ ಕೊಡಿ," ಎಂದುಬಿಟ್ಟೆ. ಅವರ ಮುಖ ಸಪ್ಪೆಯಾಯಿತು. ಸೊಕ್ಕು ಎಂದುಕೊಂಡಿರಬೇಕು.

ಒಳಗೆ ಬಂದರೆ ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. "ಯಾಕೋ ಹಾಗಂದೆ? ನೋಡಬಹುದಿತ್ತಲ್ಲ. ಅವತ್ತು ಕೆಟ್ಟಿದ್ದು ಮಿಷನ್ನು. ನೀನೇನು ಮಾಡೋಕಾಗ್ತಿತ್ತು? ಇನ್ನೂ ಎಷ್ಟು ವರ್ಷ ಅದನ್ನ ಮನಸ್ಸಿಗೆ ಹಚ್ಕೋತೀಯ?"

ಈ ಸಮಾಧಾನವನ್ನು ಮೂರು ವರ್ಷದಿಂದ ಕೇಳುತ್ತಲೇ ಇದ್ದೇನೆ. ಬೈದು ನೋಯಿಸಿದವರು ನಿಮಗೂ ಸಿಕ್ಕಿರುತ್ತಾರೆ. ಸಮಾಧಾನ ಹೇಳಿ ನೋಯಿಸಿದವರು ಸಿಕ್ಕಿದ್ದಾರೆಯೇ? ನನಗೆ ಸಿಕ್ಕಿದ್ದು ನನ್ನ ಅಕ್ಕ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಯಾಕೆ ಎಂದು ಹೇಳಬೇಕಾದರೆ ನನ್ನ ಜಾಣತನದಿಂದಲೇ ಶುರು ಮಾಡಬೇಕು.

ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತನಾದವನು. ಫಿಸಿಕ್ಸ್ ಬಲ್ಲವನಿಗೆ ಕಂಪ್ಯೂಟರೂ ಗೊತ್ತಿರುತ್ತದೆ ಎಂದು ನಮ್ಮ ನೆಂಟರಿಷ್ಟರೆಲ್ಲ ಅದು ಹೇಗೋ ನಂಬಿದ್ದರು. ನಾನೂ ನಂಬಿದೆ. ಜಯನಗರದ ಚಿಕ್ಕಮ್ಮನ ಮನೆಯಿಂದ ಬಿಟಿಎಂ ಲೇಔಟಿನ ಭಾವಮೈದುನನ ಮನೆಯವರೆಗೆ ಯಾರ ಯಂತ್ರ ಮುನಿಸಿಕೊಂಡರೂ ನನಗೇ ಕರೆ. ನನ್ನಲ್ಲಿ ಇದ್ದ ಮದ್ದು ಮೂರೇ: ಆಫ್ ಮಾಡಿ ಆನ್ ಮಾಡುವುದು, ವೈರು ಕಿತ್ತು ಮತ್ತೆ ಚುಚ್ಚುವುದು, ಎರಡಕ್ಕೂ ಬಗ್ಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ತುಂಬುವುದು. ಸಾಮಾನ್ಯವಾಗಿ ಮೊದಲನೆಯದಕ್ಕೇ ಕೆಲಸ ಆಗುತ್ತಿತ್ತು. ಆದರೂ ನಾನು ಸ್ಕ್ರೂಡ್ರೈವರ್ ಹಿಡಿದು, ಹುಬ್ಬು ಗಂಟಿಕ್ಕಿ, ಎರಡನೇ ಲೋಟ ಕಾಫಿ ಬರುವವರೆಗೆ ಏಳುತ್ತಿರಲಿಲ್ಲ.

ಅಕ್ಕ ಮದುವೆಯಾಗಲಿಲ್ಲ. ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಟೀಚರಾಗಿದ್ದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಜೆ.ಪಿ. ನಗರದ ಈ ಮನೆಗೆ ಬಂದು ನನ್ನ ಜೊತೆಗೇ ಉಳಿದಳು. ಬರುವಾಗ ಎರಡು ಸೂಟ್‌ಕೇಸು, ಒಂದು ಕಂಪ್ಯೂಟರು ತಂದಳು. ಸೂಟ್‌ಕೇಸುಗಳಲ್ಲಿ ಬಟ್ಟೆ, ಕಂಪ್ಯೂಟರಿನಲ್ಲಿ ಮಕ್ಕಳು.

ಹಾಗೆಂದರೆ ಏನು ಎಂದು ಹೇಳುತ್ತೇನೆ. ಶಾಲೆಗೆ ಹೊಸದಾಗಿ ಸೇರುವ ಕಿವುಡು ಮಗುವಿಗೆ ಶಾಲೆಯ ಸನ್ನೆ ಭಾಷೆ ಬರುವುದಿಲ್ಲ. ಆದರೆ ಅದು ಮೂಕವಾಗಿಯೇನೂ ಬರುವುದಿಲ್ಲ. ಮನೆಯಲ್ಲಿ ತಾಯಿಯೂ ತಾನೂ ಸೇರಿ ಕಟ್ಟಿಕೊಂಡ ಸನ್ನೆಗಳನ್ನು ಹೊತ್ತು ತಂದಿರುತ್ತದೆ. ಒಬ್ಬನಿಗೆ ಅಪ್ಪ ಎಂದರೆ ಸ್ಕೂಟರಿನ ಹಿಡಿ ತಿರುಗಿಸುವ ಮುಷ್ಟಿ, ಇನ್ನೊಬ್ಬನಿಗೆ ಅಜ್ಜಿ ಎಂದರೆ ಅಂಗೈಯಲ್ಲಿ ಹೊಗೆಸೊಪ್ಪು ತಿಕ್ಕುವ ಹೆಬ್ಬೆರಳು. ಒಂದೆರಡು ವರ್ಷದಲ್ಲಿ ಶಾಲೆಯ ಭಾಷೆ ಬಂದು ಇವೆಲ್ಲ ಉದುರಿಹೋಗುತ್ತವೆ. "ಒಂದು ಮನೆಗೆ ಒಂದೇ ಭಾಷೆ ಕಣೋ. ಮಾತಾಡೋರು ಇಬ್ಬರೇ. ಯಾರೂ ಬರೆದಿಡಲ್ಲ," ಎನ್ನುತ್ತಿದ್ದಳು ಅಕ್ಕ. ಅದಕ್ಕೆ ಅವಳು ಪ್ರತಿ ಮಗುವನ್ನೂ ಕಿಟಕಿಯ ಬೆಳಕಿಗೆ ಕೂರಿಸಿ, ಅದರ ಮನೆಯ ಸನ್ನೆಗಳನ್ನು ವಿಡಿಯೋ ಮಾಡಿ, ಕೆಳಗೆ ಅರ್ಥ ಬರೆದು ಕೂಡಿಟ್ಟಿದ್ದಳು. ನಿವೃತ್ತಿಯ ನಂತರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅದೇ ಕೆಲಸ. ಪುಟ್ಟೇನಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋದಾಗಲೂ ಅವಳ ಕೈಬೆರಳುಗಳು ಏನೋ ಒಂದನ್ನು ನೆನಪಿಸಿಕೊಂಡು ಆಡುತ್ತಿರುತ್ತಿದ್ದವು.

ಆ ಮಕ್ಕಳಲ್ಲಿ ಗೀತಾ ಒಬ್ಬಳು. ಅವಳ ತಾಯಿ ಮಂಜುಳಾ ಬನಶಂಕರಿಯಲ್ಲಿ ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಮಗಳನ್ನು ಸಾಕಿದವಳು. ಗೀತಾ ಹದಿನಾರು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡಳು. ಒಂದು ತಿಂಗಳ ನಂತರ ಮಂಜುಳಾ ನಮ್ಮ ಮನೆಗೆ ಬಂದು, "ಟೀಚರ್, ಚಿಕ್ಕವಳಿದ್ದಾಗ ಅವಳದೊಂದು ವಿಡಿಯೋ ತೆಗೆದಿದ್ರಲ್ಲ, ಅದು ಇದೆಯಾ? ನನ್ನತ್ರ ಬರೀ ಫೋಟೋ ಇದೆ. ಫೋಟೋದಲ್ಲಿ ಅವಳ ಕೈ ಆಡಲ್ಲ," ಎಂದಳು. ಅಕ್ಕ ಅವಳ ಕೈ ಹಿಡಿದು, "ಇದೆ. ಸೋಮವಾರ ಬಾ, ಹಾಕಿಕೊಡ್ತೀನಿ," ಎಂದಳು.

ಆ ಶನಿವಾರ ಕಂಪ್ಯೂಟರು ಏಳಲಿಲ್ಲ. ಕಪ್ಪು ಪರದೆಯ ಮೇಲೆ, ಡಿಸ್ಕು ಸಿಗುತ್ತಿಲ್ಲ ಎಂಬ ಒಂದು ಸಾಲು. ಅದಕ್ಕೆ ಮುಂಚೆ ಹದಿನೈದು ದಿನದಿಂದ ಅದರ ತಾರೀಖು ದಿನಾ ಬೆಳಿಗ್ಗೆ ಹಿಂದಕ್ಕೆ ಹೋಗುತ್ತಿತ್ತು. ಅಕ್ಕ ಹೇಳಿದ್ದಳು. "ಕ್ಯಾಲೆಂಡರ್ ಗೋಡೆ ಮೇಲಿದೆಯಲ್ಲಕ್ಕಾ," ಎಂದು ನಾನು ನಗೆಯಾಡಿದ್ದೆ.

"ಅಂಗಡಿಗೆ ಕೊಡೋಣ್ವೇನೋ? ಸೋಮವಾರ ಮಂಜುಳಾ ಬರ್ತಾಳೆ."

"ಅಂಗಡಿಯವರು ನನಗಿಂತ ಹೆಚ್ಚೇನು ಮಾಡ್ತಾರೆ? ಸಂಜೆಯೊಳಗೆ ಸರಿ ಮಾಡ್ತೀನಿ."

"ಮಕ್ಕಳದ್ದು ಏನೂ ಆಗಲ್ಲ ತಾನೆ?"

"ಎಲ್ಲಾ ಬ್ಯಾಕಪ್ ತಗೊಂಡಿದೀನಿ ಅಕ್ಕ. ಬೀರುವಿನಲ್ಲಿ ಬೇರೆ ಡಿಸ್ಕಿನಲ್ಲಿದೆ."

ಈ ಮಾತು ಹೇಳುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕನ ಪರದೆಯ ಮೇಲಿದ್ದ 'ಮಕ್ಕಳು' ಎಂಬ ಹೆಸರಿನ ಚಿತ್ರವನ್ನು ಎಳೆದು ಹೊಸ ಡಿಸ್ಕಿಗೆ ಹಾಕಿದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಕೂತಿತ್ತು. ಹೊಸ ಡಿಸ್ಕಿನ ವೇಗ ನೋಡಿ ಬೆರಗಾಗಿದ್ದೆನೇ ಹೊರತು, ಒಮ್ಮೆಯೂ ತೆರೆದು ನೋಡಿರಲಿಲ್ಲ.

ಮೊದಲೆರಡು ಮದ್ದಿಗೆ ಅದು ಬಗ್ಗಲಿಲ್ಲ; ಸಿ.ಡಿ. ಹಾಕಿ ಶುರು ಮಾಡಿದಾಗ ಮಾತ್ರ ಡಿಸ್ಕು ಕಂಡಿತು. ಮೂರನೇ ಮದ್ದಿಗೆ ಕೈ ಹಾಕಿದೆ. ಎಲ್ಲ ಅಳಿಸಿ ಹೊಸದಾಗಿ ತುಂಬಿದೆ. ಯಂತ್ರ ಎದ್ದಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಕ್ಕನ ವಿಡಿಯೋಗಳಿದ್ದದ್ದು ಡಿಸ್ಕಿನ ಇನ್ನೊಂದು ಭಾಗದಲ್ಲಿ. ಅದನ್ನು ಮುಟ್ಟುವ ಅಗತ್ಯವೇ ಇರಲಿಲ್ಲ. ಆದರೆ ಕೆಲಸ ಮಾಡಿದರೆ ಪೂರ್ತಿ ಮಾಡಬೇಕು ಎಂಬ ಮೇಷ್ಟರ ಬುದ್ಧಿ. ಅಲ್ಲೇನಾದರೂ ವೈರಸ್ ಉಳಿದಿದ್ದರೆ? ಅದನ್ನೂ ಫಾರ್ಮ್ಯಾಟ್‌ಗೆ ಹಾಕಿದೆ. ಬೇಗ ಮುಗಿಸಲೋ ಎಂದು ಅದೇ ಕೇಳಿತು. ಬೇಡ, ನಿಧಾನವಾಗಿ, ಚೊಕ್ಕವಾಗಿ ಮಾಡು ಎಂದೆ. ಊಟ ಮಾಡಿ, ಒಂದು ಸಣ್ಣ ನಿದ್ದೆ ತೆಗೆದು ಎದ್ದಾಗಲೂ ಅದು ಅಳಿಸುತ್ತಲೇ ಇತ್ತು.

ಸಂಜೆ ಬೀರುವಿನ ಡಿಸ್ಕನ್ನು ಚುಚ್ಚಿದೆ. 'ಮಕ್ಕಳು' ಕಂಡಿತು. ಒತ್ತಿದರೆ ತೆರೆಯಲಿಲ್ಲ. ಚಿತ್ರದ ಮೂಲೆಯಲ್ಲೊಂದು ಪುಟ್ಟ ಬಾಗಿದ ಬಾಣವಿತ್ತು. ಅದು ಮಕ್ಕಳಿದ್ದ ಜಾಗಕ್ಕೆ ದಾರಿ ತೋರಿಸುವ ಬರೀ ಗುರುತು, ಶಾರ್ಟ್‌ಕಟ್. ಆ ಜಾಗವನ್ನು ನಾನು ಮಧ್ಯಾಹ್ನವಿಡೀ ಒರೆಸಿದ್ದೆ.

ಅಡುಗೆಮನೆಯಿಂದ ಅಕ್ಕ, "ಆಯ್ತೇನೋ?" ಎಂದು ಕೇಳಿದಳು. "ನಾಳೆ ನೋಡ್ತೀನಿ," ಎಂದೆ.

ಮರುದಿನ ಯಂತ್ರ ಮತ್ತೆ ಏಳಲಿಲ್ಲ. ಡಬ್ಬವನ್ನು ಆಟೋದಲ್ಲಿಟ್ಟುಕೊಂಡು ಒಂದು ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುತ್ತಿದ್ದದ್ದು ಒಬ್ಬ ಹೆಂಗಸು. ಬಿಚ್ಚಿ ನೋಡಿ, ಗುಂಡಗಿನ ಒಂದು ಸೆಲ್ ಕಿತ್ತು ಮೇಜಿನ ಮೇಲಿಟ್ಟರು. "ಇಷ್ಟೇ ಸಾರ್. ವಾಚಿಗೆ ಹಾಕ್ತಾರಲ್ಲ, ಆ ಥರ ಸೆಲ್ಲು. ಇದು ವೀಕ್ ಆದ್ರೆ ತಾರೀಖು ತಪ್ಪತ್ತೆ, ಡಿಸ್ಕ್ ಎಲ್ಲಿದೆ ಅನ್ನೋದೂ ಮರೆಯತ್ತೆ. ಡಿಸ್ಕಿಗೇನೂ ಆಗಿಲ್ಲ."

ಅಳಿಸಿದ್ದನ್ನು ತೆಗೆಯಬಹುದೇ ಎಂದು ಕೇಳಿದೆ. ಅವರು ಬಹಳ ಹೊತ್ತು ಪ್ರಯತ್ನಪಟ್ಟರು. ಕೊನೆಗೆ, "ಕ್ವಿಕ್ ಮಾಡಿದ್ರೆ ಏನಾದ್ರೂ ಸಿಗ್ತಿತ್ತು ಸಾರ್. ಇದು ಫುಲ್ ಮಾಡಿಬಿಟ್ಟಿದಾರೆ. ಯಾರು ಮಾಡಿದ್ದು?" ಎಂದರು.

"ಯಾರೋ ಪರಿಚಯದವರು," ಎಂದೆ.

"ಅವರ ಕೈಗೆ ಇನ್ನೊಂದ್ಸಲ ಕೊಡಬೇಡಿ."

ಮನೆಗೆ ಬಂದು ಅಕ್ಕನಿಗೆ, ಡಿಸ್ಕು ಹಳೆಯದಾಗಿ ತಾನಾಗಿಯೇ ಸತ್ತಿತು, ಇನ್ನೊಂದೂ ಹಾಗೇ ಕೆಟ್ಟಿದೆ, ಎಂದು ಹೇಳಿದೆ. ಎರಡೂ ಒಟ್ಟಿಗೆ ಹೇಗೆ ಸಾಯುತ್ತವೆ ಎಂದು ಅವಳು ಕೇಳಲಿಲ್ಲ. ನಂಬಿದವರು ಕೇಳುವುದಿಲ್ಲ. ನನ್ನ ಮುಖ ನೋಡಿ, "ನೀನೂ ಎರಡು ದಿನದಿಂದ ಒದ್ದಾಡಿದೀಯ, ಊಟ ಮಾಡು," ಎಂದಳು. ಸೋಮವಾರ ಮಂಜುಳಾ ಬಂದಾಗ ನಾನು ರೂಮಿನಲ್ಲೇ ಇದ್ದೆ. ಅಕ್ಕನ ದನಿ ಕೇಳಿಸುತ್ತಿತ್ತು: "ಮಿಷನ್ ಕೆಟ್ಟೋಯ್ತಮ್ಮ. ಯಾರ ಕೈಲೂ ಏನೂ ಮಾಡೋಕಾಗಲಿಲ್ಲ." ಅಂದಿನಿಂದ ಅಕ್ಕ ಮತ್ತೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಹತ್ತರಿಂದ ಒಂದರವರೆಗಿನ ಹೊತ್ತಿಗೆ ಏನು ಮಾಡಬೇಕೆಂದು ಅವಳಿಗೆ ಈವರೆಗೂ ತಿಳಿದಿಲ್ಲ.

ಹೋದ ಭಾನುವಾರ, ಆ ಹುರುಳಿಕಾಯಿಯ ತಟ್ಟೆಯ ಮುಂದೆ, ಅದೇ ಸಮಾಧಾನವನ್ನು ಇನ್ನೊಮ್ಮೆ ಕೇಳಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಸೆಲ್ಲು, ಫಾರ್ಮ್ಯಾಟು, ಶಾರ್ಟ್‌ಕಟ್ಟು, ನನ್ನ ಸುಳ್ಳು. ಅಕ್ಕ ಕೂಗಾಡಲಿಲ್ಲ. ಕೈಯಲ್ಲಿದ್ದ ಕಾಯನ್ನು ತಟ್ಟೆಗೆ ಹಾಕಿ ಹೇಳಿದಳು: "ಅಳಿಸಿದ್ದು ಇರಲಿ. ಮಗು ಕಳಕೊಂಡವಳ ಮುಂದೆ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆಯಲ್ಲೋ. ಹೋಗಿ ನೀನೇ ಹೇಳು. ಅಲ್ಲೀವರೆಗೆ ನನ್ನ ಹತ್ರ ಏನೂ ಮಾತಾಡಬೇಡ."

ಬುಧವಾರ ಬನಶಂಕರಿಗೆ ಹೋದೆ. ಮಂಜುಳಾ ತೊಡೆಯ ಮೇಲೆ ಯಾರದೋ ಹಸಿರು ಸೀರೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಳು. ನಾನು ಹೇಳುತ್ತಿರುವಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಡಿದಳು.

"ಮಿಷನ್ ತಾನೆ ಅಂತ ಸುಮ್ನಾಗಿದ್ದೆ ಸಾರ್. ಯಾರ ಮೇಲೂ ಕೋಪ ಇರ್ಲಿಲ್ಲ. ಈಗ ನಿಮಗೆ ಹಗುರ ಆಯ್ತು. ನಾನು ಇದನ್ನ ಎಲ್ಲಿ ಇಟ್ಕೊಳ್ಲಿ?"

ಎದ್ದು ನಿಂತೆ.

"ಒಂದು ನಿಮಿಷ. ನೀವು ನೋಡಿದ್ರಾ ಅದನ್ನ? ಬಸ್ಸಲ್ಲಿ ನಾನು ಕಂಡಕ್ಟರ್ ಜೊತೆ ಜಗಳ ಆಡಿದ್ದನ್ನ ಹೇಳ್ತಾಳೆ ಅಂತಿದ್ರು ಟೀಚರ್."

ಅಷ್ಟು ವರ್ಷ ನಮ್ಮ ಮನೆಯಲ್ಲೇ ಇದ್ದ ವಿಡಿಯೋ. "ಇಲ್ಲಮ್ಮ. ನೋಡಿರ್ಲಿಲ್ಲ."

ಮಂಜುಳಾ ಸೀರೆಯನ್ನು ಪಕ್ಕಕ್ಕಿಟ್ಟಳು. ತೋರುಬೆರಳಿನಿಂದ ಮೂಗುಬೊಟ್ಟು ಮುಟ್ಟಿಕೊಂಡಳು. "ಇದು ನಾನು. ಅಮ್ಮ ಅಂತ." ಸೊಂಟಕ್ಕೆ ಸೆರಗು ಸಿಕ್ಕಿಸುವ ಹಾಗೆ ಮಾಡಿದಳು. "ಇದು ಅಮ್ಮಂಗೆ ಕೋಪ ಬಂತು ಅಂತ." ಎಡಗೈಯನ್ನು ಮೇಲೆತ್ತಿ ಬಸ್ಸಿನ ಕಂಬಿ ಹಿಡಿದಳು. ಬಲಗೈ ಗಾಳಿಯಲ್ಲಿ ಒಂದು ಸುತ್ತು ಹೋಗಿ ನಿಂತಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೂಗುಬೊಟ್ಟು, ಸೆರಗು, ಕಂಬಿ. ಬಲಗೈ ಮತ್ತೆ ಅಲ್ಲಿಯೇ ನಿಂತಿತು.

"ಇಲ್ಲಿ ಇನ್ನೇನೋ ಮಾಡೋಳು ಸಾರ್," ಎಂದಳು. "ಬರ್ತಿಲ್ಲ. ಅದಕ್ಕೇ ಕೇಳಿದ್ದು ನಾನು."