ಮೂವತ್ತೆರಡನೆಯ ಮರ

ನಮ್ಮ ಪಕ್ಕದ ಮನೆಯವರನ್ನು ಊರೆಲ್ಲ ಗಾಲಿ ಮಾವ ಎಂದೇ ಕರೆಯುತ್ತಿತ್ತು. ಉದ್ದ ಹಿಡಿಕೆ, ಅದರ ತುದಿಗೆ ಒಂದು ಗಾಲಿ, ಮೀಟರಿಗೊಮ್ಮೆ ಟಕ್ ಎನ್ನುವ ಅಂಕಿಪೆಟ್ಟಿಗೆ. ಅದನ್ನು ತಳ್ಳಿಕೊಂಡು ಮೂವತ್ತು ವರ್ಷ ರಸ್ತೆ ಅಳೆದವರು ಅವರು. ನಿವೃತ್ತರಾದ ದಿನ ಕಚೇರಿಯವರು ಹಳೆಯದಾಯಿತೆಂದು ಆ ಗಾಲಿಯನ್ನೂ ಅವರ ಜೊತೆಗೇ ಕಳಿಸಿದರು. ಬೇರೆಯವರಾಗಿದ್ದರೆ ಅಟ್ಟಕ್ಕೆ ಎಸೆಯುತ್ತಿದ್ದರು. ಇವರು ಮಾರನೆಯ ದಿನವೇ ಅದನ್ನು ತಳ್ಳಿಕೊಂಡು ಬೆಟ್ಟ ಹತ್ತಿದರು.

ಅದಕ್ಕೆ ಕಾರಣ ಮಗಳು. ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿರುವ ಅವಳಿಗೆ ಚಿಕ್ಕಂದಿನಿಂದ ಓಟದ ಹುಚ್ಚು. ನಮ್ಮದೋ ನೂರು ಹೆಜ್ಜೆ ಸಪಾಟು ನೆಲವಿಲ್ಲದ ಊರು. ಅಪ್ಪ ಕಾಡಿನೊಳಗೆ ಅವಳಿಗಾಗಿ ನಾಲ್ಕು ದಾರಿ ಮಾಡಿಕೊಟ್ಟರು. ನೂರು ಮೀಟರಿಗೊಂದು ಮರ, ಆ ಮರಕ್ಕೆ ಅಂಕಿ ಬರೆದ ತಗಡು, ಬಲಗಡೆಗೆ ಒಂದು ಕೆಂಪು ಪಟ್ಟಿ. ಕೆಂಪು ಕಂಡರೆ ಓಡು, ಕಾಣದಿದ್ದರೆ ನಿಲ್ಲು, ಬಂದ ದಾರಿಯಲ್ಲೇ ತಿರುಗು. ಇಷ್ಟೇ ಅವರ ಶಾಸ್ತ್ರ. ಬರಬರುತ್ತಾ ಬೆಟ್ಟದಾಚೆಯ ಊರಿನ ಶಾಲೆಯ ಹುಡುಗಿಯರೂ ಭಾನುವಾರ ಬೆಳಗ್ಗೆ ಆ ಕಡೆಯಿಂದ ಓಡತೊಡಗಿದರು.

ಪಟ್ಟಿ ಹೊಲಿದುಕೊಡುತ್ತಿದ್ದವಳು ನಾನು. ನನ್ನದು ಟೈಲರ್ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಚೂರು ಬಟ್ಟೆಗಳಲ್ಲಿ ಕೆಂಪನ್ನೆಲ್ಲ ಅವರಿಗೆಂದು ತೆಗೆದಿಡುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ಪ್ರತಿವರ್ಷ ಅವರು ಎಲ್ಲ ದಾರಿಗಳನ್ನೂ ಹೊಸದಾಗಿ ಅಳೆದು, ಹಳೆ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಿದ್ದರು. "ದಾರಿ ಎಲ್ಲಿಗೆ ಹೋಗುತ್ತೆ ಮಾವ, ಹೋದ ವರ್ಷ ಅಳೆದಿದ್ದೀರಲ್ಲ?" ಎಂದರೆ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣಮ್ಮ" ಎನ್ನುತ್ತಿದ್ದರು.

ಈ ವರ್ಷ ಅವರು ಅಂಗಡಿಗೆ ಬಂದು, ಎಂದೂ ಕೂರದವರು ಸ್ಟೂಲಿನ ಮೇಲೆ ಕೂತರು.

"ಮೂರನೇ ದಾರೀಲಿ ಮೂವತ್ತೊಂದರಿಂದ ಮೂವತ್ತೆರಡಕ್ಕೆ ನೂರು ಬರ್ತಿಲ್ಲ. ನೂರಾ ಒಂದು ಬರ್ತಿದೆ."

"ಗಾಲಿಗೆ ವಯಸ್ಸಾಗಿದೆ."

"ಶಾಲೆ ಅಂಗಳದ ಅಳತೆ ಗೆರೆ ಮೇಲೆ ಉರುಳಿಸಿ ನೋಡ್ದೆ. ಸರಿಯಾಗಿದೆ. ಟೇಪ್ ಹಿಡಿದೂ ನೋಡ್ದೆ."

ನನ್ನ ನಾಲಿಗೆ ನನ್ನ ಕತ್ತರಿಗಿಂತ ಹರಿತ ಎಂದು ನನ್ನ ಯಜಮಾನರು ಹೇಳುವುದು ಸುಳ್ಳಲ್ಲ. "ಹಾಗಾದ್ರೆ ಮರಾನೇ ನಡ್ಕೊಂಡು ಹೋಯ್ತಾ ಮಾವ?" ಎಂದುಬಿಟ್ಟೆ. ಬಟ್ಟೆ ಕೊಡಲು ಬಂದಿದ್ದ ದಿನಸಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಜೆಯೊಳಗೆ ಆ ಮಾತು ಊರು ಸುತ್ತಿತು. ಗಾಲಿ ಮಾವ ಕಂಡಲ್ಲೆಲ್ಲ "ಮರ ಎಲ್ಲಿವರೆಗೆ ಹೋಯ್ತು?" ಎಂದು ಕೇಳುವುದು ಜನಕ್ಕೆ ಆಟವಾಯಿತು. ಅರವತ್ತಕ್ಕೆ ಅರಳು ಮರಳು ಎಂದರು ಕೆಲವರು. ನಾನೂ ಅಂದೆ.

ಆ ಗಾದೆ ಅವರಿಗೆ ಎಲ್ಲಿ ಚುಚ್ಚುತ್ತದೆಂದು ನನಗೆ ಗೊತ್ತಿರಬೇಕಿತ್ತು. ಅವರ ಅಣ್ಣನಿಗೆ ಮೊದಲು ತಪ್ಪಿದ್ದು ಲೆಕ್ಕ. ಹಾಲಿನ ಪಾತ್ರೆ ಎಣಿಸುವಾಗ ನಾಲ್ಕಾದ ಮೇಲೆ ಆರು ಎನ್ನತೊಡಗಿದವರು, ಎರಡೇ ವರ್ಷದಲ್ಲಿ ಹೆಂಡತಿಯನ್ನು "ನೀವು ಯಾರು?" ಎಂದು ಕೇಳಿದರು. ಕೊನೆಯವರೆಗೂ ಆ ದೊಡ್ಡಪ್ಪನಿಗೆ ಉಣಿಸಿದವಳು ಈ ನರ್ಸ್ ಮಗಳೇ. ಹಾಗಾಗಿ ಗಾಲಿ ಮಾವ ಈ ಸಂಗತಿಯನ್ನು ಅವಳಿಗೆ ಹೇಳಲೇ ಇಲ್ಲ; ಊರಿನ ನಗು ಅವಳ ಕಿವಿಗೆ ಬಿದ್ದಾಗಲೂ ಗಾಲಿ ಸವೆದಿದೆ ಅಷ್ಟೇ ಎಂದು ತೇಲಿಸಿಬಿಟ್ಟರು. ಅವಳಿಗೆ ನಿಜ ಹೇಳಬೇಡವೆಂದು ನನ್ನಿಂದಲೂ ಮಾತು ತೆಗೆದುಕೊಂಡರು. ತಮ್ಮ ಪುಸ್ತಕದಲ್ಲಿ ಹಳೆಯ ಅಂಕಿ ಅಳಿಸಿ ಹೊಸದು ಬರೆದರು. ಒಂದು ಮೀಟರ್ ಈಚೆಗೆ, ಸರಿಯಾಗಿ ನೂರು ತುಂಬುವಲ್ಲಿದ್ದ ಬೇರೊಂದು ಮರಕ್ಕೆ ಕೆಂಪು ಪಟ್ಟಿ ಕಟ್ಟಿ, ಮೂವತ್ತೆರಡರ ತಗಡನ್ನೂ ಅದಕ್ಕೇ ಹೊಡೆದರು. ಜೀವನವಿಡೀ ಒಂದು ಅಂಕಿಯನ್ನೂ ತಿದ್ದದಿದ್ದ ಮನುಷ್ಯ, ಬೆಟ್ಟವನ್ನು ನಂಬಿ ತನ್ನನ್ನೇ ತಿದ್ದಿಕೊಂಡರು.

ಆ ತಿಂಗಳಲ್ಲೇ ಇನ್ನೆರಡು ಮಾತು ನನ್ನ ಅಂಗಡಿಗೆ ಬಂದವು. ಸಮವಸ್ತ್ರದ ಗುಂಡಿ ಹಾಕಿಸಲು ಬಂದ ಮಗಳು, "ಮೂರನೇ ದಾರೀಲಿ ಒಂದು ಮೆಟ್ಟಿಲು ಹುಟ್ಟಿದೆ ಅಕ್ಕ, ಮೊಣಕಾಲೆತ್ತರ. ಹಾರಿಕೊಂಡು ಹೋಗೋಕೆ ಮಜಾ" ಎಂದಳು. ಇನ್ನೊಂದು ದಿನ ನೀರು ಬಿಡುವವನು, ಮಳೆಯಿಲ್ಲದಿದ್ದರೂ ಮೇಲಿನ ಒರತೆಯಲ್ಲಿ ಕೆಸರು ಬರುತ್ತಿದೆ ಎಂದು ಗೊಣಗಿದ. ಬಟ್ಟೆಯ ಮೂರು ತುಂಡು ಕಂಡರೆ ಅಂಗಿಯೋ ಲಂಗವೋ ಎಂದು ಹೇಳುವವಳು ನಾನು. ಈ ಮೂರು ತುಂಡು ಮಾತ್ರ ಕಣ್ಣಮುಂದೆಯೇ ಇದ್ದರೂ ಸೇರಿಸಿ ನೋಡಲಿಲ್ಲ. ಆ ಸಿಟ್ಟು ನನಗೆ ನನ್ನ ಮೇಲೆ ಇನ್ನೂ ಇದೆ.

ಒಂದು ಶನಿವಾರ ಸಂಜೆ ಗಾಲಿ ಮಾವ ಬಂದು ಚೀಲ ಹೊಲಿಯುವ ದಪ್ಪ ನೂಲಿನ ಒಂದು ಉಂಡೆ ಕೇಳಿದರು. ಮುಖ ಇಳಿದುಹೋಗಿತ್ತು.

"ಇವತ್ತು ನೂರಾ ಮೂರು ಬಂತು. ಮೆಟ್ಟಿಲಿನ ಈ ಕಡೆ ಮರಕ್ಕೂ ಆ ಕಡೆ ಮರಕ್ಕೂ ಮೂರು ದಾರ ಕಟ್ತೀನಿ, ಒಂದರ ಮೇಲೊಂದು. ಒಂದು ಹರಿದಿದ್ರೆ ಹಂದಿ ನುಗ್ಗಿರುತ್ತೆ. ಮೂರೂ ಹರಿದಿದ್ರೆ ಬೆಟ್ಟ."

"ಯಾವುದೂ ಹರಿದಿಲ್ದಿದ್ರೆ?"

"ಹರಿದಿಲ್ದಿದ್ರೆ ನಾನು." ಉಂಡೆಯನ್ನು ಜೇಬಿಗಿಳಿಸಿ, "ಹರೀಲಿ ಅಂತ ಬೇಡ್ಕೊಳ್ಳಮ್ಮ" ಎಂದರು.

ಈ ಸಲ ನನಗೆ ನಗು ಬರಲಿಲ್ಲ. ಆದರೂ ಮಗಳಿಗೆ ಹೇಳಲಿಲ್ಲ, ಮಾತು ಕೊಟ್ಟಿದ್ದೆನಲ್ಲ.

ಭಾನುವಾರ ಬೆಳಕು ಹರಿಯುವ ಮೊದಲೇ ಅವರು ಹತ್ತಿದರು. ಆಮೇಲೆ ಅವರೇ ಹೇಳಿದ್ದು: ಮೂರು ದಾರವೂ ಹರಿದು ಜೋತಾಡುತ್ತಿದ್ದವು. ಕಾಡಿನಲ್ಲಿ ಒಂದು ಹಕ್ಕಿಯ ಸದ್ದೂ ಇರಲಿಲ್ಲ. ನೆಲದೊಳಗಿಂದ ಬೇರು ಮುರಿಯುವ ಶಬ್ದ ಬಿಟ್ಟುಬಿಟ್ಟು ಬರುತ್ತಿತ್ತು. ಈ ಕಡೆಯಿಂದ ಇನ್ನರ್ಧ ಗಂಟೆಯಲ್ಲಿ ಮಗಳು ಬರುತ್ತಾಳೆ. ಆ ಕಡೆಯಿಂದ ಹನ್ನೆರಡು ಹುಡುಗಿಯರು ಬರುತ್ತಾರೆ. ಇರುವವರು ಇವರೊಬ್ಬರೇ, ಫೋನ್ ಹತ್ತುವ ಜಾಗವೂ ಅಲ್ಲ. ಮೊದಲು ಕೆಳಗಿಳಿದು ಇಪ್ಪತ್ತೊಂಬತ್ತರಿಂದ ಮೂವತ್ತೆರಡರವರೆಗೆ ಪಟ್ಟಿಗಳನ್ನೆಲ್ಲ ಬಿಚ್ಚಿದರು. ಕೆಂಪು ಕಾಣದಿದ್ದರೆ ಮಗಳು ನಿಲ್ಲುತ್ತಾಳೆಂದು ನಂಬಿ, ಬಿರುಕು ಬಿಟ್ಟ ನೆಲವನ್ನು ದಾಟಿ ಹುಡುಗಿಯರ ಕಡೆಗೆ ಓಡಿದರು. ಎರಡೂ ಮಂಡಿ ನೋಯುವ ಅರವತ್ತೇಳರ ಮನುಷ್ಯ.

ಮಗಳು ಇಪ್ಪತ್ತೆಂಟನೆಯ ಮರದ ಹತ್ತಿರ ಬಂದು ನೋಡಿದಳು. ಮುಂದೆ ಕೆಂಪಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಓಡಬಲ್ಲ ದಾರಿ ಅವಳಿಗೆ. ಪಟ್ಟಿ ಇಲ್ಲವೆಂದು ನಿಲ್ಲುವವಳೇ ಅಲ್ಲ.

"ಅಪ್ಪ ಕಟ್ಟೋದನ್ನೇ ಮರೆತುಬಿಟ್ಟಿದ್ದಾರೆ ಅಂದ್ಕೊಂಡೆ ಅಕ್ಕ. ದೊಡ್ಡಪ್ಪನ ಹಾಗೇ ಶುರುವಾಯ್ತು ಅಂತ ಕಾಲೇ ಏಳಲಿಲ್ಲ. ಅಲ್ಲೇ ಬೇರಿನ ಮೇಲೆ ಕೂತು ಅಳ್ತಿದ್ದೆ."

ಅವಳು ಅಳುತ್ತಾ ಕೂತಿದ್ದಾಗಲೇ ಮುಂದಿನ ಕಾಡು ಮರಗಳ ಸಮೇತ, ನಿಂತ ಭಂಗಿಯಲ್ಲೇ, ಕೆಳಗೆ ಸರಿದುಹೋಯಿತು. ಆ ಸದ್ದು ನನ್ನ ಅಂಗಡಿಯ ಕನ್ನಡಿಯನ್ನು ಸೀಳಿತು.

ಆಚೆ ಹೋದ ಅಪ್ಪ ಏನಾದರೆಂದು ನಾಲ್ಕು ಗಂಟೆ ಯಾರಿಗೂ ತಿಳಿಯಲಿಲ್ಲ. ಹತ್ತು ಗಂಟೆಗೆ ಬಸ್ಸಿನ ರಸ್ತೆಯಲ್ಲಿ ಸುತ್ತಿಕೊಂಡು ಬಂದರು, ಮೈಯೆಲ್ಲ ಮಣ್ಣು, ಎರಡೂ ಜೇಬಿನ ತುಂಬ ಕೆಂಪು ಪಟ್ಟಿ. ಹುಡುಗಿಯರನ್ನೆಲ್ಲ ತಿರುಗಿಸಿ ಕಳಿಸಿದ್ದರು. ಮಗಳು ಅವರ ಹೆಗಲಿಗೆ ಬಡಿದು ಬಡಿದು ಅತ್ತಳು. ಅವರು ಅವಳ ತಲೆ ಸವರುತ್ತಲೇ ನನ್ನ ಕಡೆ ನೋಡಿ, "ಮೂರೂ ಹರಿದಿತ್ತು ಕಣಮ್ಮ" ಎಂದರು. ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ.

ಒಂದು ವಾರ ಊರು ಅವರನ್ನು ಹೊತ್ತು ಮೆರೆಸಿತು. ಎಂಟನೆಯ ದಿನ ಕೋಲೂರಿಕೊಂಡು ಅಂಗಡಿಗೆ ಬಂದರು.

"ಇನ್ನೊಂದು ಉಂಡೆ ನೂಲು ಕೊಡಮ್ಮ."

"ಇನ್ಯಾಕೆ ಮಾವ? ಆ ದಾರಿನೇ ಹೋಯ್ತಲ್ಲ."

ಅವರು ನನ್ನನ್ನು ನೋಡಲಿಲ್ಲ. ನನ್ನ ಹಿಂದಿನ ಕಿಟಕಿಯನ್ನು ನೋಡುತ್ತಿದ್ದರು. "ಎರಡನೇ ದಾರಿಗೆ. ಮಗಳ ಕೈಲಿ ಟೇಪ್ ಹಿಡಿಸಿ ಅಳೆಸ್ದೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಒಂದು ಗೇಣು ಜಾಸ್ತಿ ಇದೆ."

ಎರಡನೆಯ ದಾರಿಯ ಒಂಬತ್ತನೆಯ ಮರ ನಮ್ಮ ಸಾಲುಮನೆಗಳ ನೆತ್ತಿಯ ಮೇಲೆಯೇ ಇದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ನನ್ನ ಹಿತ್ತಿಲಿಗೆ ತಾಗಿಕೊಂಡ ಬೆಟ್ಟ, ಇದನ್ನೂ ನಾನು ನುಣ್ಣಗೇ ಕಂಡಿದ್ದೆ.

ಅವರ ಮಂಡಿ ಊದಿಕೊಂಡಿದ್ದರಿಂದ ದಾರ ಕಟ್ಟಿದ್ದು ಮಗಳು ಮತ್ತು ನಾನು. ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಹತ್ತಿ ನೋಡುತ್ತಿದ್ದೆ. ಹದಿನಾಲ್ಕು ದಿನ ಮೂರೂ ಸಡಿಲವಾಗಿ, ನಾವು ಕಟ್ಟಿದ ಹಾಗೆಯೇ ಇದ್ದವು. ಮೊನ್ನೆ ಬೆಳಗ್ಗೆ ಮೂರೂ ಬಿಗಿದಿದ್ದವು. ಬೆರಳಿನಿಂದ ಮೀಟಿದರೆ ನಾದ ಬಂತು. ಕೆಳಗೆ ನಮ್ಮ ಹೆಂಚುಗಳಿಂದ ಒಲೆಯ ಹೊಗೆ ಏಳುತ್ತಿತ್ತು.

ಇಳಿದು ಬಂದು ಸಾಲಿನ ಆರು ಮನೆಯ ಬಾಗಿಲನ್ನೂ ಬಡಿದು, ಇವತ್ತೇ ಮನೆ ಬಿಡಬೇಕು ಎಂದೆ. ಕೊನೆಯ ಮನೆಯ ದಿನಸಿ ಅಂಗಡಿಯವನು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ನಕ್ಕ.

"ಏನಕ್ಕಾ, ಆ ದಾರಿ ಹೋಗಿದ್ದು ಹೋಯ್ತು. ಈ ಬೆಟ್ಟಾನೂ ನಡ್ಕೊಂಡು ಬರುತ್ತಾ?"

ಸುತ್ತ ನಿಂತವರೂ ನಕ್ಕರು. ನನ್ನದೇ ಮಾತು, ತಿರುಗಿ ನನ್ನ ಬಾಗಿಲಿಗೇ ಬಂದಿತ್ತು. ಗಾಲಿ ಮಾವ ತಮ್ಮ ಜಗಲಿಯ ಮೇಲೆ ಗಂಟು ಕಟ್ಟಿಕೊಂಡು, ಗಾಲಿ ಪಕ್ಕಕ್ಕಿಟ್ಟುಕೊಂಡು ಆಗಲೇ ಸಿದ್ಧವಾಗಿ ಕೂತಿದ್ದರು. ಹೊಲಿಗೆ ಯಂತ್ರದ ಒಂದು ಕಡೆ ಮಗಳು, ಇನ್ನೊಂದು ಕಡೆ ನಾನು ಹಿಡಿದು ಗಾಡಿಗೆ ಏರಿಸಿದೆವು. ಆಮೇಲೆ ಮತ್ತೆ ಮೊದಲ ಮನೆಯಿಂದ ಬಾಗಿಲು ಬಡಿಯುತ್ತಾ ಹೋದೆ.