ಜಗಲಿ ಅಜ್ಜಿಯ ಹೆಬ್ಬೆಟ್ಟು

ಅಜ್ಜಿಯ ಎಡಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಿಂದ ಕುರಿಯ ಉಣ್ಣೆ ನೂತು ನೂತು ಅದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ಮಕ್ಕಳ ಕೆನ್ನೆ ಸವರಿದರೆ ಅವಕ್ಕೆ ಕಚಗುಳಿಯಾಗುತ್ತಿತ್ತು.

ಎಪ್ಪತ್ತರ ದಶಕದ ನಡುವೆ, ಕೊರಟಗೆರೆಯಿಂದ ಒಂದು ಟ್ರಂಕು ಹೊತ್ತು ನಿಡುಗಲ್ ಬೆಟ್ಟದ ಆಚೆಯ ಆ ಊರಿನ ಶಾಲೆಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಮೂವತ್ತು ಮಕ್ಕಳಿಗೆ ನಾನೊಬ್ಬಳೇ ಟೀಚರು. ಸಂಜೆ ಮಕ್ಕಳು ಹೋದ ಮೇಲೆ ನನ್ನ ಜೊತೆ ಮಾತಾಡಲು ಇದ್ದವಳು ಈ ಅಜ್ಜಿ ಮಾತ್ರ. ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯ ಜಗಲಿಯ ಮೂಲೆಯಲ್ಲಿ ಬಂದು ಕೂತರೆ ಕತ್ತಲಾಗುವವರೆಗೂ ನೂಲುತ್ತ ಅಲ್ಲೇ ಇರುತ್ತಿದ್ದಳು. ಮಕ್ಕಳು ಅವಳನ್ನು ಜಗಲಿ ಅಜ್ಜಿ ಅನ್ನುತ್ತಿದ್ದವು. ಅವಳಿಗೆ ಒಂದಕ್ಷರವೂ ಬಾರದು. ಆದರೆ ಕೇಳಿ ಕೇಳಿ ಮಗ್ಗಿ ಬಾಯಿಗೆ ಬಂದಿತ್ತು. ಯಾವನಾದರೂ ತಪ್ಪಿದನೋ, ಹೊರಗಿನಿಂದಲೇ ಗದರುತ್ತಿದ್ದಳು: "ಏಳೆಂಟ್ಲ ಐವತ್ತಾರು ಕಣ್ಲಾ! ಹೊಟ್ಟೆಗೇನ್ ತಿಂತೀಯ?" ನಾನು ಮುಖ ಗಂಟು ಹಾಕಿಕೊಂಡು ಒಳಗೊಳಗೇ ನಗುತ್ತಿದ್ದೆ.

ಶಾಲೆ ಇದ್ದ ಜಾಗ ಅವಳದೇ. ಇದ್ದ ಒಬ್ಬಳೇ ಮಗಳು ಎಂಟನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡಾಗ, ಆ ಮಗುವಿನ ಪಾಲು ಅಂತ ಮನೆಯ ಪಕ್ಕದ ನೆಲವನ್ನು ಹಿಂದಿನ ಮೇಷ್ಟರ ಕೈಗೆ ಎಲೆ ಅಡಿಕೆ ಇಟ್ಟು ಶಾಲೆಗೆ ಕೊಟ್ಟಿದ್ದಳು. ಕಾಗದ ಗೀಗದ ಏನೂ ಇಲ್ಲ. ಊರವರು ಸೇರಿ ಮಣ್ಣಿನ ಗೋಡೆ ಎಬ್ಬಿಸಿದ್ದರು. "ನನ್ ಕೂಸಿನ ಜಾಗದಾಗೆ ಊರ ಮಕ್ಳು ಓದ್ತವೆ, ಅಷ್ಟು ಸಾಕು" ಅನ್ನುತ್ತಿದ್ದಳು. ಅವಳು ದಿನಾ ಬಂದು ಕೂರುತ್ತಿದ್ದದ್ದು ಮಗಳ ಹತ್ತಿರ.

ಒಂದು ಮಳೆಗೆ ಹಿಂದಿನ ಗೋಡೆ ಬಿತ್ತು. ಅದೇ ವರ್ಷ ತಾಲ್ಲೂಕು ಬೋರ್ಡಿನವರು ಮುಂದಿನ ಐದು ವರ್ಷಗಳಲ್ಲಿ ಯಾವ ಯಾವ ಶಾಲೆಗೆ ಕಟ್ಟಡ ಅಂತ ಪಟ್ಟಿ ಮಾಡುತ್ತಿದ್ದರು. ಜಾಗ ಬೋರ್ಡಿನ ಹೆಸರಿಗೆ ರಿಜಿಸ್ಟರ್ ಆಗಿದ್ದರೆ ಮಾತ್ರ ಪಟ್ಟಿಯಲ್ಲಿ ಹೆಸರು. ಇಲ್ಲದಿದ್ದರೆ ನಮ್ಮ ಶಾಲೆಯನ್ನು ಮುಚ್ಚಿ, ಹಳ್ಳದ ಆಚೆಯ ಊರಿನ ಶಾಲೆಗೆ ಸೇರಿಸುವುದು. ಮಳೆಗಾಲದಲ್ಲಿ ಆ ಹಳ್ಳ ದಾಟಿ ಒಂದನೇ ಕ್ಲಾಸಿನ ಮಕ್ಕಳು ಹೋಗುವುದುಂಟೇ? ಕಾಗದ ಕೊಡಲು ಕಡೆಯ ದಿನ ಬೆಳಗ್ಗೆ ನಾನು ದಾನಪತ್ರದ ಕರಡು ಹಿಡಿದು ಅವಳಿಗೆ ಓದಿ ಹೇಳಿದೆ. 'ಈ ಜಾಗವು ಇಂದಿನವರೆಗೂ ನನ್ನ ಸ್ವಾಧೀನದಲ್ಲಿದ್ದು' ಅನ್ನುವಲ್ಲಿ ನೂಲುತ್ತಿದ್ದ ಅವಳ ಕೈ ನಿಂತಿತು.

"ಇವತ್ತಿನ ಗಂಟ ನಂದಾ? ಅದೆಂಗಾಯ್ತದೆ ಟೀಚರಮ್ಮ? ಕೂಸಿನ ಹೆಸ್ರಾಗೆ ಕೊಟ್ಟು ಎಷ್ಟೋ ವರ್ಸ ಆಯ್ತು. ಈಗ ನಂದು ಅಂದ್ರೆ ಅದ್ರ ಕೈಯಿಂದ ಕಿತ್ಕಂಡಂಗೆ."

"ಬರೀ ಬರವಣಿಗೆ ಅಜ್ಜಿ, ಹೀಗೇ ಬರೆಯೋದು."

"ಅಂಗಾರೆ ಒಂದ್ ಕೆಲ್ಸ ಮಾಡವ್ವ. ಇಸ್ಕೂಲು ಅಂದ್ರೆ ನೀನೇ ತಾನೆ. ಎಲ್ಡು ಎಲೆ, ಒಂದಡಿಕೆ ಇಕ್ಕಿ ಮೊದ್ಲು ನಂಗೆ ವಾಪಸ್ ಕೊಟ್ಬುಡು. ಆಮ್ಯಾಕೆ ನಂದೇ ಅಂತ ಎಲ್ಲಿ ಬೇಕಾದ್ರೂ ಒತ್ತೀನಿ."

ಎರಡು ಎಲೆ, ಒಂದು ಅಡಿಕೆ. ಎದುರಿನ ಅಂಗಡಿಯಲ್ಲೇ ಸಿಗುತ್ತಿತ್ತು. ಎಲ್ಲಿತ್ತೋ ನನಗೆ ಅಷ್ಟೊಂದು ಸಿಡುಕು! "ನಿನ್ನ ಎಲೆ ಅಡಿಕೆ ಶಾಸ್ತ್ರಕ್ಕೆ ಬಸ್ಸು ಕಾಯುತ್ತಾ? ಬರದಿದ್ರೆ ಬಿಡು, ಮಕ್ಕಳು ಬೀದಿಪಾಲಾಗ್ಲಿ" ಅಂದುಬಿಟ್ಟೆ. ಅವಳು ಕಂಬಳಿ ಹೊದ್ದು ನನ್ನ ಹಿಂದೆ ಬಸ್ಸು ಹತ್ತಿದಳು.

ಪಾವಗಡದ ರಿಜಿಸ್ಟರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದರೆ ಮೂಡಿದ್ದು ಬರೀ ಕಪ್ಪು ಮಚ್ಚೆ. ಪತ್ರ ಬರೆಯುವವನು ಅವಳ ಬೆರಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ "ಅವ್ವಾ, ಇಂಕೋಸಾರಿ ಒತ್ತು" ಅಂದ. ಮತ್ತೊಂದು ಸಾರಿ, ಮಗದೊಂದು ಸಾರಿ. ಮೂರನೆಯದರಲ್ಲಿ ಅಂಚಿಗೆ ನಾಲ್ಕು ಗೆರೆ ಕಂಡವು.

"ನೋಡಿದ್ಯಾ ಟೀಚರಮ್ಮ," ಅಂದಳು ಅಜ್ಜಿ, "ಸುಳ್ಳಿಗೆ ಹೆಬ್ಬೆಟ್ಟೂ ಒಪ್ಪಾಕಿಲ್ಲ."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನ ಜಗಲಿಯ ಮೂಲೆ ಖಾಲಿ. ಮೈ ಹುಷಾರಿಲ್ಲವೇನೋ ಅಂತ ಹೋಗಿ ನೋಡಿದರೆ ಮನೆಯ ಹಿತ್ತಲಲ್ಲಿ, ಶಾಲೆಗೆ ಬೆನ್ನು ಹಾಕಿ ನೂಲುತ್ತಿದ್ದಳು. ಬಾ ಅಜ್ಜಿ ಅಂದೆ. "ಕೊಟ್ಟಿದ್ದ ಕಿತ್ಕಂಡೋಳು ಯಾವ ಮುಖ ಇಟ್ಕಂಡು ಅಲ್ಲಿ ಕುಂತ್ಕಳ್ಳಿ? ನೀನು ಹೋಗು, ಮಕ್ಳು ಗಲಾಟೆ ಮಾಡ್ತಾವೆ" ಅಂದಳು. ಕೋಪವಿರಲಿಲ್ಲ ದನಿಯಲ್ಲಿ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಟ್ಟಿಯಲ್ಲಿ ನಮ್ಮದು ಮೂರನೆಯ ವರ್ಷದ್ದು. ಆ ವರ್ಷವೇ ಕಟ್ಟಡ ಬಂತು: ಎರಡು ಕೋಣೆ, ಕಲ್ಲುಚಪ್ಪಡಿ ಹಾಸಿದ ಅಗಲವಾದ ಜಗಲಿ. ಪ್ರಾರಂಭೋತ್ಸವಕ್ಕೆ ಊರೆಲ್ಲ ಬಂದರೂ ಅವಳು ಬರಲಿಲ್ಲ. ದಿನಾ ಸಂಜೆ ನಾನು ಆ ಜಗಲಿಯಲ್ಲಿ ಒಬ್ಬಳೇ ಕೂತು ಕಾಪಿ ತಿದ್ದುತ್ತಿದ್ದೆ. ಹಿತ್ತಲಲ್ಲಿ ಅವಳೊಬ್ಬಳೇ. ನಡುವೆ ಒಂದು ಕಳ್ಳಿ ಬೇಲಿ. ಎಷ್ಟೋ ಸಲ ಕೂಗಿ ಕರೆಯೋಣ ಅನಿಸುತ್ತಿತ್ತು, ಬಾಯಿ ಬರುತ್ತಿರಲಿಲ್ಲ. ಅಲ್ಲಿದ್ದ ಉಳಿದ ವರ್ಷಗಳನ್ನೆಲ್ಲ ಹೀಗೇ ಕಳೆದೆ.

ಆಮೇಲೆ ಶಿರಾಕ್ಕೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ನನ್ನ ಅಮ್ಮ ಹೋದಳು. ಅವಳ ಒಂದು ಸೀರೆಯನ್ನು ಪಕ್ಕದ ಮನೆಯಾಕೆಗೆ ಕೊಟ್ಟಿದ್ದೆ. ಅಕ್ಕ ಅದೇ ಸೀರೆ ಬೇಕು, ವಾಪಸ್ ಇಸಿದುಕೊಂಡು ಬಾ ಅಂದಳು. ಆಕೆಯ ಬಾಗಿಲವರೆಗೆ ಹೋದೆ, ಬಾಗಿಲು ತಟ್ಟಲಾಗಲಿಲ್ಲ. ಅಲ್ಲೇ ನಿಂತುಕೊಂಡಾಗ ಅಜ್ಜಿಯ ಮಾತು ನನಗೆ ಅರ್ಥವಾಯಿತು.

ಮುಂದಿನ ಭಾನುವಾರವೇ ಹೊರಟೆ. ಮಧುಗಿರಿಯಲ್ಲಿ ಬಸ್ಸು ಬದಲಿಸುವಾಗ ಎಲೆ, ಅಡಿಕೆ ಕೊಂಡೆ. ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳ ಕೈಗೆ ಎಲೆ ಇಟ್ಟು, "ಅಜ್ಜಿ, ಶಾಲೆಯ ಪರವಾಗಿ ನಿನ್ನ ಜಾಗ ನಿನಗೆ ವಾಪಸ್ ಕೊಡ್ತಿದ್ದೀನಿ" ಅಂದೆ.

ಅವಳು ಎಲೆಯನ್ನು ಎದೆಗೆ ಒತ್ತಿಕೊಂಡಳು. "ಈಗ ನಂದಾಯ್ತಾ?"

"ಆಯ್ತಜ್ಜಿ."

ಒಂದು ಎಳೆ ನೂಲುವಷ್ಟು ಹೊತ್ತು ಇಟ್ಟುಕೊಂಡಿದ್ದಳೇನೋ. ಆಮೇಲೆ ಅದೇ ಎಲೆಯನ್ನು ನನ್ನತ್ತ ಚಾಚಿದಳು. "ತಗಳವ್ವ. ನನ್ ಕೂಸಿನ ಹೆಸ್ರಾಗೆ ಇಸ್ಕೂಲ್ಗೆ ಕೊಟ್ಟೆ." ಬ್ಯಾಗಿಗೆ ಹಾಕಿಕೊಳ್ಳಲು ಹೋದರೆ ತಡೆದಳು. "ಮಡಿಕ್ಕಬ್ಯಾಡ. ಇಲ್ಲೇ ತಿನ್ನು, ತಿಂದ್ರೇನೇ ತಗಂಡಂಗೆ."

ಅಭ್ಯಾಸವಿಲ್ಲದ ನಾನು ಕಣ್ಣೀರು ಸುರಿಸುತ್ತ ಅಗಿದೆ. ನಾಲಿಗೆ ತೋರಿಸು ಅಂದಳು. ತೋರಿಸಿದೆ.

"ಸುಣ್ಣಾನೇ ಮರ್ತ್ಬಂದಿದೀಯಲ್ಲೇ!" ಅಂತ ನಕ್ಕಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ.

ಎರಡು ತಿಂಗಳಿಗೆ, ಆ ಶಾಲೆಗೆ ನನ್ನ ನಂತರ ಬಂದ ಮೇಷ್ಟರ ಕಾರ್ಡು ಬಂತು. ಅಜ್ಜಿ ಹೋದಳು. ಹೋಗುವ ಹಿಂದಿನ ದಿನ ಹಟ ಹಿಡಿದು ಹೊರಿಸಿಕೊಂಡು ಬಂದು, ಹೊಸ ಜಗಲಿಯ ಮೂಲೆಯಲ್ಲಿ ಕೂತಿದ್ದಳಂತೆ. ಒಳಗೆ ಮಗ್ಗಿ ಹೇಳಿಸುತ್ತಿದ್ದರಂತೆ. ಅವತ್ತು ಯಾರಾದರೂ ತಪ್ಪಿದರೇ, ಅವಳು ಗದರಿದಳೇ ಅಂತ ಮೇಷ್ಟರಿಗೆ ಬರೆದು ಕೇಳಬೇಕಿತ್ತು. ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರೂ ಇಲ್ಲ.